ಪಾಡ್‌ಕಾಸ್ಟ್ ಕಂತಿನ ಪೀಠಿಕೆ: ಮೊದಲ ಅರ್ಧ ನಿಮಿಷದಲ್ಲಿ ಹೇಳಬೇಕಾದದ್ದು

ಸಕಲೇಶಪುರ: ಕಾಡಾನೆಗಳ ಚಲನವಲನ ಕುರಿತು ಸಕಲೇಶಪುರ ಮತ್ತು ಆಲೂರು ತಾಲ್ಲೂಕುಗಳ ಜನರ ಮೊಬೈಲುಗಳಿಗೆ ಬರುವ ಎಚ್ಚರಿಕೆಗಳಲ್ಲಿ ಅಲಂಕಾರಕ್ಕೆ ಎಡೆಯಿಲ್ಲ. ಯಾವ ಊರು, ಯಾವ ತೋಟದ ಬದಿ, ಎಷ್ಟು ಆನೆ, ಎಷ್ಟು ಹೊತ್ತಿಗೆ ಕಂಡದ್ದು ಎಂಬಷ್ಟನ್ನು ತಿಳಿಸಿ ಸಂದೇಶ ಮುಗಿಯುತ್ತದೆ. ಬೆಳಗ್ಗೆ ಕೆಲಸಕ್ಕೆ ಹೊರಟ ಕಾರ್ಮಿಕರು, ಮಕ್ಕಳನ್ನು ಬಸ್ಸಿಗೆ ಬಿಡಲು ಹೊರಟ ತಾಯಂದಿರು ಮೊದಲ ನಾಲ್ಕು ಪದಗಳಲ್ಲಿಯೇ ಇದು ತಮಗೆ ಸಂಬಂಧಿಸಿದ ಮಾತೇ, ಅಲ್ಲವೇ ಎಂಬುದನ್ನು ನಿರ್ಧರಿಸುತ್ತಾರೆ. ಧ್ವನಿಯ ಮೂಲಕ ಜನರನ್ನು ತಲುಪಬಯಸುವವರಿಗೆ ಈ ಬೆಟ್ಟಸೀಮೆಯಲ್ಲಿ ಇದಕ್ಕಿಂತ ಉತ್ತಮವಾದ ಪಾಠ ದೊರಕಲಾರದು.

ಅಂತರ್ಜಾಲದ ಧ್ವನಿ ಕಾರ್ಯಕ್ರಮವಾದ ಪಾಡ್‌ಕಾಸ್ಟ್ ತಯಾರಿಸಲು ಇಂದು ಸ್ಟುಡಿಯೋ ಅನಿವಾರ್ಯವಲ್ಲ. ಒಂದು ಮೊಬೈಲು, ಸಾಧಾರಣ ಮೈಕು ಮತ್ತು ಸದ್ದಿಲ್ಲದ ಕೋಣೆ ಸಾಕು. ಕಾಫಿಯ ಧಾರಣೆ, ಕಾಳುಮೆಣಸಿನ ಸೊರಗು ರೋಗ, ಎತ್ತಿನಹೊಳೆ ಯೋಜನೆ, ಶಿರಾಡಿ ಘಾಟಿಯ ಭೂಕುಸಿತ, ಆನೆಯ ಹಾವಳಿ ಹೀಗೆ ಮಾತನಾಡಲು ವಿಷಯಗಳಿಗೂ ಇಲ್ಲಿ ಕೊರತೆಯಿಲ್ಲ. ಕೊರತೆ ಕಾಣುವುದು ಆರಂಭದಲ್ಲಿ. ಇಪ್ಪತ್ತು ನಿಮಿಷಗಳ ಸೊಗಸಾದ ಸಂಭಾಷಣೆಯ ತಲೆಯ ಮೇಲೆ ಮೂರು ನಿಮಿಷಗಳ ಸ್ವಾಗತ ಭಾಷಣ ಕುಳಿತಿರುತ್ತದೆ. ಸಭಾಂಗಣದಲ್ಲಿ ಕುಳಿತವರು ಸೌಜನ್ಯಕ್ಕಾಗಿಯಾದರೂ ಸ್ವಾಗತ ಭಾಷಣವನ್ನು ಸಹಿಸಿಕೊಳ್ಳುತ್ತಾರೆ. ಮೊಬೈಲಿನ ಕೇಳುಗರಿಗೆ ಅಂಥ ಮುಲಾಜು ಇರುವುದಿಲ್ಲ.

ಪದ ಮತ್ತು ಪರಂಪರೆ

ಪಾಡ್‌ಕಾಸ್ಟ್ ಎಂಬ ಪದವನ್ನು ಬ್ರಿಟನ್ನಿನ ‘ಗಾರ್ಡಿಯನ್’ ಪತ್ರಿಕೆಯ ಲೇಖನವೊಂದರಲ್ಲಿ ಬೆನ್ ಹ್ಯಾಮರ್‌ಸ್ಲಿ ಅವರು 2004ರ ಫೆಬ್ರುವರಿಯಲ್ಲಿ ಬಳಸಿದರು. 2005ರ ಜೂನ್‌ನಲ್ಲಿ ಆಪಲ್ ಸಂಸ್ಥೆಯು ತನ್ನ ಐಟ್ಯೂನ್ಸ್ ತಂತ್ರಾಂಶದಲ್ಲಿ ಪಾಡ್‌ಕಾಸ್ಟ್‌ಗಳಿಗೆ ಸ್ಥಾನ ನೀಡಿದ ನಂತರ ಅದು ಜನಸಾಮಾನ್ಯರಿಗೆ ಪರಿಚಯವಾಯಿತು. ಕನ್ನಡದಲ್ಲಿ 2018ರಲ್ಲಿ ಆರಂಭವಾದ ‘ತಲೆ-ಹರಟೆ’ಯು ಈ ಪ್ರಕಾರಕ್ಕೆ ಕೇಳುಗರನ್ನು ಒದಗಿಸಿದ ಕಾರ್ಯಕ್ರಮಗಳಲ್ಲಿ ಮುಖ್ಯವಾದುದು. ಪ್ರಸಾರ ವೇದಿಕೆಗಳು ಬರುತ್ತವೆ, ಹೋಗುತ್ತವೆ. ಗೂಗಲ್ ಪಾಡ್‌ಕಾಸ್ಟ್ಸ್ ಎಂಬ ಆಪ್ 2024ರಲ್ಲಿ ಸ್ಥಗಿತಗೊಂಡಿತು. ಆದರೆ ಧ್ವನಿಮುದ್ರಿಕೆಯ ಕಡತ ಮಾತ್ರ ಎಲ್ಲೋ ಒಂದೆಡೆ ಉಳಿದುಕೊಂಡು ಕೈಯಿಂದ ಕೈಗೆ ಸಾಗುತ್ತಿರುತ್ತದೆ. ಪೀಠಿಕೆಯನ್ನು ಬರೆಯುವಾಗ ಮರೆಯಬಾರದ ಸಂಗತಿ ಇದೇ.

ಪೀಠಿಕೆ ಎಂಬ ಪದ ನಮಗೆ ಹೊಸತಲ್ಲ. ಸಕಲೇಶಪುರದಿಂದ ಘಾಟಿ ಇಳಿದರೆ ಸಿಗುವ ಕರಾವಳಿಯ ತಾಳಮದ್ದಳೆಯಲ್ಲಿ ಅರ್ಥಧಾರಿಯು ತನ್ನ ಪಾತ್ರದ ಮೊದಲ ಮಾತನ್ನು ಪೀಠಿಕೆ ಎಂದೇ ಕರೆಯುತ್ತಾನೆ. ವೇಷವಿಲ್ಲ, ಕುಣಿತವಿಲ್ಲ, ಕುಳಿತಲ್ಲಿಂದ ಆಡುವ ಮಾತಷ್ಟೇ. ತಾನು ಯಾರು, ಈವರೆಗೆ ಏನು ನಡೆದಿದೆ, ಈಗ ಎದುರಾಗಿರುವ ಇಕ್ಕಟ್ಟು ಯಾವುದು ಎಂಬುದನ್ನು ಆತ ಅಲ್ಲಿ ಹೇಳುತ್ತಾನೆ. ಮುಂದೆ ಎದುರಾಳಿಯೊಡನೆ ನಡೆಯಲಿರುವ ವಾದದ ಬೀಜವನ್ನೂ ಅಲ್ಲಿಯೇ ಬಿತ್ತಿರುತ್ತಾನೆ. ಕೇವಲ ಕಿವಿಯನ್ನು ನಂಬಿದ ಕಲೆಯೊಂದು ಆರಂಭಕ್ಕೆ ಇಷ್ಟು ಮಹತ್ವ ನೀಡಿದೆ ಎಂಬುದು ಗಮನಾರ್ಹ. ಪೀಠಿಕೆ ಉದ್ದವಾಗಿ ಪ್ರಸಂಗ ಹಿಂದೆ ಬಿದ್ದಾಗ ಪ್ರೇಕ್ಷಕರು ಗೊಣಗುವುದೂ ಉಂಟು. ಎರಡೂ ಪಾಠಗಳು ಪಾಡ್‌ಕಾಸ್ಟ್‌ಗೆ ಹೊಂದುತ್ತವೆ.

ಇನ್ನೊಂದು ಪರಂಪರೆ ಬಾನುಲಿಯದು. ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ಅವರು 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಆರಂಭಿಸಿದಂದಿನಿಂದ ಕನ್ನಡದ ಉದ್ಘೋಷಣೆಗೆ ತೊಂಬತ್ತು ವರ್ಷಗಳ ಇತಿಹಾಸವಿದೆ. ಹಾಸನ ಆಕಾಶವಾಣಿಯನ್ನು ಕೇಳುತ್ತ ಬೆಳೆದವರಿಗೆ ಅದರ ಕ್ರಮ ಬಾಯಿಪಾಠವಾಗಿದೆ. ಕೇಂದ್ರದ ಹೆಸರು, ಸಮಯ, ಕಾರ್ಯಕ್ರಮದ ಹೆಸರು, ನಡೆಸಿಕೊಡುವವರ ಹೆಸರು, ಅನಂತರ ವಿಷಯ. ವಾರ್ತೆಗಳಲ್ಲಾದರೆ ವಿವರಕ್ಕೆ ಮೊದಲು ಮುಖ್ಯಾಂಶಗಳು. ಈ ಮಿತವ್ಯಯವನ್ನು ಹೊಸಬರು ಅಗತ್ಯವಾಗಿ ಕಲಿಯಬೇಕು. ಆದರೆ ಬಾನುಲಿಯ ಒಂದು ಅಭ್ಯಾಸವನ್ನು ಮಾತ್ರ ಬಿಡಬೇಕಾಗುತ್ತದೆ. ಬಾನುಲಿಯಲ್ಲಿ ಹೇಳುವವರು ಮತ್ತು ಕೇಳುವವರು ಒಂದೇ ಗಳಿಗೆಯಲ್ಲಿ ಇರುತ್ತಾರೆ. ಆದ್ದರಿಂದ ಅಲ್ಲಿ ‘ಇಂದು’, ‘ನಿನ್ನೆ’, ‘ಈಗಷ್ಟೇ’ ಎಂಬ ಪದಗಳಿಗೆ ಅರ್ಥವಿದೆ. ಪಾಡ್‌ಕಾಸ್ಟ್ ಅನ್ನು ಯಾರು ಯಾವಾಗ ಕೇಳುತ್ತಾರೆಂದು ಹೇಳಲಾಗದು.

ದಿನಾಂಕ ಧ್ವನಿಯೊಳಗೇ ಇರಲಿ

ಕಂತಿನ ಶೀರ್ಷಿಕೆಯಲ್ಲಿ ದಿನಾಂಕವಿದೆ, ವಿವರಣೆಯಲ್ಲಿ ಊರಿನ ಹೆಸರಿದೆ, ಮತ್ತೇಕೆ ಮಾತಿನಲ್ಲಿ ಹೇಳಬೇಕು ಎಂಬ ಪ್ರಶ್ನೆ ಸಹಜ. ಹೆತ್ತೂರು, ಬಿಸಿಲೆ, ಯಸಳೂರು ಕಡೆಯ ಅನೇಕ ಹಳ್ಳಿಗಳಲ್ಲಿ ನೆಟ್‌ವರ್ಕ್ ಬಂದುಹೋಗುವ ಅತಿಥಿ. ಪಟ್ಟಣಕ್ಕೆ ಬಂದಾಗ ಕಂತನ್ನು ಇಳಿಸಿಕೊಂಡು ಮನೆಗೆ ಮರಳಿ ಕೇಳುವವರಿದ್ದಾರೆ. ಹಾಗೆ ಇಳಿಸಿಕೊಂಡ ಕಡತ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ. ಅಲ್ಲಿಂದ ಇನ್ನೊಂದು ಗುಂಪಿಗೆ. ಈ ಪಯಣದಲ್ಲಿ ಶೀರ್ಷಿಕೆ, ವಿವರಣೆ, ಚಿತ್ರ ಎಲ್ಲವೂ ಕಳಚಿ ಬೀಳುತ್ತವೆ. ಉಳಿಯುವುದು ಧ್ವನಿ ಮಾತ್ರ.

ಇದರ ಪರಿಣಾಮ ಎಷ್ಟು ಗಂಭೀರವಾದೀತು ಎಂಬುದಕ್ಕೆ 2024ರ ಮಳೆಗಾಲವನ್ನು ನೆನೆಯಬಹುದು. ಜುಲೈ 26ರಂದು ಎಡಕುಮೇರಿ ಮತ್ತು ಕಡಗರವಳ್ಳಿ ನಿಲ್ದಾಣಗಳ ನಡುವೆ ಹಳಿಯ ಬದಿಯ ಮಣ್ಣು ಕುಸಿದು ಸಕಲೇಶಪುರ–ಸುಬ್ರಹ್ಮಣ್ಯ ರಸ್ತೆ ನಡುವಿನ ಘಾಟಿ ಮಾರ್ಗದ ರೈಲುಗಳು ನಿಂತವು. ಅದೇ ತಿಂಗಳಲ್ಲಿ ಸಕಲೇಶಪುರ ತಾಲ್ಲೂಕಿನ ದೊಡ್ಡತಪ್ಪಲೆ ಬಳಿ ಗುಡ್ಡ ಕುಸಿದು ಶಿರಾಡಿ ಘಾಟಿಯ ಹೆದ್ದಾರಿ ಸಂಚಾರಕ್ಕೂ ಅಡ್ಡಿಯಾಯಿತು. ಆ ದಿನಗಳಲ್ಲಿ ಯಾರಾದರೂ ‘ಘಾಟಿ ಬಂದ್ ಆಗಿದೆ, ಯಾರೂ ಹೊರಡಬೇಡಿ’ ಎಂದು ಆರಂಭವಾಗುವ ಕಂತನ್ನು ಮುದ್ರಿಸಿದ್ದರೆ ಅದು ಆ ವಾರದ ಮಟ್ಟಿಗೆ ಸತ್ಯ, ಉಪಕಾರವೂ ಹೌದು. ಮರುವರ್ಷದ ಜುಲೈನಲ್ಲಿ ಅದೇ ಕಡತ ಮಂಗಳೂರಿನ ಆಸ್ಪತ್ರೆಗೆ ರೋಗಿಯನ್ನು ಕರೆದೊಯ್ಯಲು ಸಿದ್ಧವಾದ ಕುಟುಂಬದ ಮೊಬೈಲಿಗೆ ಬಂದರೆ? ಧ್ವನಿಯಲ್ಲಿ ಗಾಬರಿ ಇದೆ, ಊರಿನ ಹೆಸರಿದೆ, ಮಳೆಯ ಸದ್ದೂ ಇದೆ. ಇಲ್ಲದಿರುವುದು ದಿನಾಂಕ ಒಂದೇ. ಅವರು ಹೊರಡದೆ ಉಳಿದಾರು, ಇಲ್ಲವೇ ಸುತ್ತುಬಳಸಿನ ದಾರಿ ಹಿಡಿದಾರು.

ಆದ್ದರಿಂದ ‘2024ರ ಜುಲೈ 30, ಮಂಗಳವಾರ ಸಂಜೆ ಮುದ್ರಿಸಿದ ಕಂತು ಇದು’ ಎಂಬ ವಾಕ್ಯ ಮೊದಲ ಅರ್ಧ ನಿಮಿಷದಲ್ಲಿ ಇರಲೇಬೇಕು. ಇಸವಿಯನ್ನು ಬಿಡಬಾರದು. ಬರಿದೆ ‘ಜುಲೈ 30’ ಎಂದರೆ ಅದು ಪ್ರತಿ ವರ್ಷವೂ ಬರುತ್ತದೆ. ಕಾಫಿ ಧಾರಣೆಯ ಕಂತಿಗೂ ಇದೇ ಮಾತು ಅನ್ವಯ. ಹಳೆಯ ಧಾರಣೆಯನ್ನು ಇಂದಿನದೆಂದು ನಂಬಿ ಚೀಲ ಮಾರಿದವರ ನಷ್ಟ ಕಂತು ತಯಾರಿಸಿದವರ ಕಿವಿಗೆ ಎಂದೂ ಬೀಳುವುದಿಲ್ಲ.

ಒಂದು ವಿಷಯ, ಎರಡು ಆರಂಭ

ಮಾತಿಗಿಂತ ಮಾದರಿ ಮೇಲು. ಆನೆ–ಮಾನವ ಸಂಘರ್ಷ ಕುರಿತ ಕಂತೊಂದು ಹೀಗೆ ಆರಂಭವಾಗುತ್ತದೆ ಎಂದುಕೊಳ್ಳೋಣ:

“ಎಲ್ಲರಿಗೂ ನಮಸ್ಕಾರ, ನಮ್ಮ ವಾಹಿನಿಗೆ ತಮಗೆಲ್ಲರಿಗೂ ಆತ್ಮೀಯ ಸ್ವಾಗತ. ಮಲೆನಾಡು ಎಂದೊಡನೆ ನಮ್ಮ ಕಣ್ಮುಂದೆ ಬರುವುದು ಹಸಿರು ಸಿರಿ, ಮಂಜು ಮುಸುಕಿದ ಬೆಟ್ಟಗಳು. ಆನೆ ನಮ್ಮ ಸಂಸ್ಕೃತಿಯಲ್ಲಿ ಪೂಜನೀಯ ಪ್ರಾಣಿ. ಆದರೆ ಇತ್ತೀಚಿನ ದಿನಗಳಲ್ಲಿ ಸಂಘರ್ಷ ಎಂಬುದು ಜ್ವಲಂತ ಸಮಸ್ಯೆಯಾಗಿ ಪರಿಣಮಿಸಿದೆ. ಇಂದಿನ ಸಂಚಿಕೆಯಲ್ಲಿ ಈ ವಿಚಾರದ ಮೇಲೆ ಬೆಳಕು ಚೆಲ್ಲುವ ಪ್ರಯತ್ನ ಮಾಡೋಣ. ಅದಕ್ಕೂ ಮುನ್ನ ನಮ್ಮ ವಾಹಿನಿಗೆ ಚಂದಾದಾರರಾಗಿ, ಗೆಳೆಯರಿಗೂ ಹಂಚಿ.”

ಇದರಲ್ಲಿ ತಪ್ಪೆನ್ನಬಹುದಾದ ವಾಕ್ಯ ಒಂದೂ ಇಲ್ಲ. ಹೊಸ ಸಂಗತಿಯೂ ಒಂದೂ ಇಲ್ಲ. ಯಸಳೂರಿನ ಕೇಳುಗನಿಗೆ ಮಂಜನ್ನೂ ಹಸಿರನ್ನೂ ಯಾರೂ ಪರಿಚಯಿಸಬೇಕಿಲ್ಲ. ಬೆಂಗಳೂರಿನ ಕೇಳುಗನಿಗೆ ಇದು ಸಕಲೇಶಪುರದ ಮಾತೋ, ಕೊಡಗಿನ ಮಾತೋ, ಬಂಡೀಪುರದ ಮಾತೋ ತಿಳಿಯುವುದಿಲ್ಲ. ಇನ್ನೂ ಏನನ್ನೂ ಕೊಡುವ ಮೊದಲೇ ಚಂದಾದಾರರಾಗಿ ಎಂದು ಕೇಳುವುದಂತೂ ಊಟಕ್ಕೆ ಕರೆದು ಎಲೆ ಹಾಕುವ ಮುನ್ನವೇ ದಕ್ಷಿಣೆಯ ತಟ್ಟೆ ಹಿಡಿದಂತೆ.

ಅದೇ ವಿಷಯವನ್ನು ಹೀಗೂ ಆರಂಭಿಸಬಹುದು:

“2023ರ ಡಿಸೆಂಬರ್ 4. ಸಕಲೇಶಪುರ ತಾಲ್ಲೂಕಿನ ಯಸಳೂರು ಅರಣ್ಯ ವಲಯ. ಕಾಡಾನೆ ಹಿಡಿಯುವ ಕಾರ್ಯಾಚರಣೆಗೆ ಬಂದಿದ್ದ ಅರ್ಜುನ, ಕಾಡು ಸಲಗವೊಂದರ ಜೊತೆ ಕಾದಾಡುತ್ತ ಸತ್ತ. ಮೈಸೂರು ದಸರೆಯಲ್ಲಿ ಎಂಟು ಬಾರಿ ಅಂಬಾರಿ ಹೊತ್ತ ಆನೆ ಅವನು. ಅರವತ್ತು ದಾಟಿತೆಂದು 2020ರಲ್ಲಿ ಅಂಬಾರಿ ಇಳಿಸಿದ ಆನೆಯನ್ನು ಕಾಡಾನೆಯ ಎದುರು ಏಕೆ ನಿಲ್ಲಿಸಬೇಕಾಯಿತು? ಸೆರೆ ಕಾರ್ಯಾಚರಣೆ ಹೇಗೆ ನಡೆಯುತ್ತದೆ, ಅದರಿಂದ ಇಲ್ಲಿನ ತೋಟಗಳಿಗೆ ಏನು ಸಿಕ್ಕಿತು, ಏನು ಸಿಗಲಿಲ್ಲ ಎಂಬುದು ಈ ಕಂತಿನ ವಿಷಯ.”

ಸಾವಧಾನವಾಗಿ ಓದಿದರೆ ಇದಕ್ಕೆ ಅರ್ಧ ನಿಮಿಷ, ಹೆಚ್ಚೆಂದರೆ ಮುಕ್ಕಾಲು ನಿಮಿಷ ಹಿಡಿಯುತ್ತದೆ. ಕಾಲ, ಸ್ಥಳ, ಘಟನೆ ಮೂರೂ ಮೊದಲಿಗೇ ಬಂದಿವೆ. ಅರ್ಜುನನನ್ನು ಅರಿಯದವರಿಗೆ ಒಂದು ವಾಕ್ಯದ ಪರಿಚಯವಿದೆ. ಎಲ್ಲಕ್ಕಿಂತ ಮುಖ್ಯವಾಗಿ ಒಂದು ಪ್ರಶ್ನೆಯಿದೆ, ಅದಕ್ಕೆ ಉತ್ತರ ಹುಡುಕುವ ಭರವಸೆಯಿದೆ. ನಿರೂಪಕರ ಹೆಸರು, ಕಾರ್ಯಕ್ರಮದ ಹೆಸರು, ಮುದ್ರಣದ ದಿನಾಂಕ ಇದರ ಬೆನ್ನಿಗೇ ಬರಬಹುದು. ನಮಸ್ಕಾರ ಬೇಡವೆಂದಲ್ಲ, ಒಂದು ಪದದಲ್ಲಿ ಮುಗಿದರೆ ಚೆನ್ನ.

ಪ್ರಶ್ನೆ ಕೇಳುವುದೂ ಒಂದು ಜವಾಬ್ದಾರಿ. ಪೀಠಿಕೆಯಲ್ಲಿ ಏಕೆ ಎಂದು ಕೇಳಿದ ಮೇಲೆ ಕಂತು ಅದನ್ನು ಮುಟ್ಟಲೇಬೇಕು. ಅರ್ಜುನನ ಸಾವಿನ ಬಳಿಕ ಅದರ ಕಾರಣ ಕುರಿತು ನಾನಾ ಮಾತುಗಳು ಹರಿದಾಡಿದ್ದವು. ‘ಬೆಚ್ಚಿಬೀಳಿಸುವ ಸತ್ಯ ಬಯಲು’ ಎಂದು ಆರಂಭಿಸಿ, ಒಳಗೆ ಅವೇ ಮಾತುಗಳನ್ನು ಮತ್ತೊಮ್ಮೆ ಅರೆದರೆ ಕೇಳುಗ ಎರಡನೆಯ ಬಾರಿ ಆ ಬಾಗಿಲಿಗೆ ಬರುವುದಿಲ್ಲ. ಕಂತಿನಲ್ಲಿ ಇರುವುದಕ್ಕಿಂತ ಒಂದು ಹಿಡಿ ಕಡಿಮೆ ಭರವಸೆ ನೀಡುವುದು ಕ್ಷೇಮ.

ಹಿನ್ನೆಲೆ ಎಷ್ಟು ಬೇಕು ಎಂಬುದು ಇನ್ನೊಂದು ತೊಡಕು. ಇಲ್ಲಿನ ಆನೆ ಸಮಸ್ಯೆಗೆ ದೀರ್ಘ ಚರಿತ್ರೆಯಿದೆ. ಹೈಕೋರ್ಟ್ ನಿರ್ದೇಶನದಂತೆ ರಚಿತವಾಗಿ, ವಿಜ್ಞಾನಿ ರಾಮನ್ ಸುಕುಮಾರ್ ಅವರ ನೇತೃತ್ವದಲ್ಲಿ ಕೆಲಸ ಮಾಡಿದ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ನೀಡಿತು. ಆನೆ ನೆಲೆಗಳನ್ನು ಸಂರಕ್ಷಣೆಯ ವಲಯ, ಸಹಬಾಳ್ವೆಯ ವಲಯ, ಆನೆಗಳನ್ನು ತೆರವುಗೊಳಿಸಬೇಕಾದ ವಲಯ ಎಂದು ಅದು ವಿಂಗಡಿಸಿತು. ಅದರ ಬೆನ್ನಿಗೆ ಆಲೂರು–ಸಕಲೇಶಪುರ ಭಾಗದಿಂದ 22 ಆನೆಗಳನ್ನು ಹಿಡಿದು ಸಾಗಿಸಲಾಯಿತು. ಆದರೂ ತೆರವಾದ ಜಾಗಕ್ಕೆ ಬೇರೆ ಆನೆಗಳು ಬಂದವು. ಇವೆಲ್ಲವೂ ಕೇಳುಗರಿಗೆ ತಿಳಿಯಬೇಕಾದ ಸಂಗತಿಗಳೇ. ಆದರೆ ಇವನ್ನು ಪೀಠಿಕೆಗೆ ತುಂಬಿದರೆ ಅದು ಸರ್ಕಾರಿ ಕಡತದ ಟಿಪ್ಪಣಿಯಾಗುತ್ತದೆ. ‘22 ಆನೆಗಳನ್ನು ಹಿಡಿದು ಸಾಗಿಸಿದ ಮೇಲೂ’ ಎಂಬ ಒಂದು ತುಣುಕು ಪೀಠಿಕೆಗೆ ಸಾಕು. ಉಳಿದುದು ಐದನೆಯ ನಿಮಿಷಕ್ಕೆ ಕಾಯಬಲ್ಲದು.

ಊರಿನವರಿಗೆ, ಪರಊರಿನವರಿಗೆ

‘ಭೀಮ ಮತ್ತೆ ಬಂದಿದ್ದಾನೆ’ ಎಂದು ಕಂತು ಆರಂಭವಾದರೆ ಆಲೂರಿನಲ್ಲಿ ಎಲ್ಲರಿಗೂ ಅರ್ಥವಾಗುತ್ತದೆ. ಹುಬ್ಬಳ್ಳಿಯಲ್ಲಿ ಕೇಳುವವರು ಯಾರೋ ಪುಂಡನ ಕಥೆ ಎಂದುಕೊಂಡಾರು. ‘ಭೀಮ ಎಂದು ಇಲ್ಲಿನವರು ಹೆಸರಿಟ್ಟಿರುವ ಸಲಗ’ ಎಂದು ಸೇರಿಸಿದರೆ ಇಬ್ಬರಿಗೂ ಸಲ್ಲುತ್ತದೆ, ಊರಿನವರಿಗೆ ಬೇಸರವೂ ಆಗದು. ಲೈನ್ ಮನೆ, ಕಣ, ಪಲ್ಪರ್, ರೈಟರ್, ಹೂಮಳೆ ಮುಂತಾದ ತೋಟದ ಪದಗಳನ್ನು ಬದಲಿಸುವ ಅಗತ್ಯವಿಲ್ಲ. ಅವು ಈ ಸೀಮೆಯ ಉಸಿರು. ಒಂದು ಪೀಠಿಕೆಯಲ್ಲಿ ಅಂಥ ಒಂದೆರಡು ಪದಗಳಿಗಿಂತ ಹೆಚ್ಚು ಬಾರದಂತೆ ನೋಡಿಕೊಂಡು, ಸಂದರ್ಭದಿಂದಲೇ ಅರ್ಥ ಹೊಳೆಯುವಂತೆ ವಾಕ್ಯ ಕಟ್ಟಬೇಕು.

ಹೆಸರಿಟ್ಟ ಆನೆಗೆ ಇಲ್ಲಿನ ಜನ ‘ಬಂತು’ ಎನ್ನುವುದಿಲ್ಲ, ‘ಬಂದ’ ಎನ್ನುತ್ತಾರೆ. ಕೇಳುಗರ ಬಾಯಲ್ಲಿರುವ ಆ ರೂಪವನ್ನೇ ಇರಿಸಿಕೊಳ್ಳುವುದು ಸೂಕ್ತ. ಆದರೆ ಮನುಷ್ಯರ ವಿಷಯದಲ್ಲಿ ಒಂದು ಎಚ್ಚರಿಕೆ ಬೇಕು. ಅನೇಕ ಧ್ವನಿಮುದ್ರಿಕೆಗಳಲ್ಲಿ ತೋಟದ ಮಾಲೀಕರು ‘ಅವರು’ ಆಗಿರುತ್ತಾರೆ, ಕಾರ್ಮಿಕ ‘ಅವನು’ ಆಗಿರುತ್ತಾನೆ. ಬರಹದಲ್ಲಿ ಕಣ್ಣು ತಪ್ಪಿಸಿಕೊಳ್ಳುವ ಈ ತಾರತಮ್ಯ ಧ್ವನಿಯಲ್ಲಿ ಎದ್ದು ಕೇಳಿಸುತ್ತದೆ. ಪೀಠಿಕೆಯಲ್ಲಿ ಬರುವ ವ್ಯಕ್ತಿಗಳಿಗೆಲ್ಲ ಒಂದೇ ಬಹುವಚನ ಇರಲಿ.

ಸಾವಿನಿಂದ ಆರಂಭಿಸುವಾಗ

ಈ ಭಾಗದ ಅನೇಕ ಕಂತುಗಳು ದುರದೃಷ್ಟವಶಾತ್ ಸಾವಿನಿಂದಲೇ ಆರಂಭವಾಗಬೇಕಾಗುತ್ತದೆ. 2023ರ ಆಗಸ್ಟ್ 31ರಂದು ಆಲೂರು ತಾಲ್ಲೂಕಿನ ಹಳ್ಳಿಯೂರು ಬಳಿ, ಗಾಯಗೊಂಡಿದ್ದ ಭೀಮನ ಚಿಕಿತ್ಸೆಗಾಗಿ ಅರಿವಳಿಕೆ ಚುಚ್ಚುಮದ್ದು ನೀಡಲು ಹೋದ ಅರಣ್ಯ ಇಲಾಖೆಯ ಅನುಭವಿ ಸಿಬ್ಬಂದಿಯೊಬ್ಬರು ಅದೇ ಆನೆಯ ದಾಳಿಗೆ ಬಲಿಯಾದರು. ಘಟನೆಯ ದೃಶ್ಯ ಮೊಬೈಲುಗಳಲ್ಲಿ ಹರಿದಾಡಿತು. ಇಂಥ ದೃಶ್ಯದ ಕೂಗನ್ನು, ಚೀರಾಟವನ್ನು ಕತ್ತರಿಸಿ ಕಂತಿನ ತಲೆಗೆ ಅಂಟಿಸುವುದು ಸುಲಭ. ಕೇಳುಗರ ಗಮನವೂ ತಕ್ಷಣ ಸಿಗುತ್ತದೆ. ಆದರೆ ಕೇಳುವವರಲ್ಲಿ ಆ ಮನೆಯವರೂ ಇರುತ್ತಾರೆ. ಸಕಲೇಶಪುರ, ಆಲೂರು ಅಷ್ಟು ದೊಡ್ಡ ಊರುಗಳಲ್ಲ. ಮೃತರ ಬಂಧುವೊಬ್ಬರು ಕುಳಿತ ಬಸ್ಸಿನಲ್ಲೇ ಪಕ್ಕದ ಸೀಟಿನ ಮೊಬೈಲಿನಿಂದ ಆ ಸದ್ದು ಕೇಳಿಬರಬಹುದು.

ನಡೆದದ್ದನ್ನು ಒಂದು ವಾಕ್ಯದಲ್ಲಿ ನೇರವಾಗಿ ಹೇಳಬೇಕು. ಗಾಯದ ವಿವರ ಬೇಡ. ಹಿನ್ನೆಲೆ ಸಂಗೀತವೂ ಬೇಡ. ಮೃತರ ಕೆಲಸವೇನಾಗಿತ್ತು, ಅವರು ಅಲ್ಲಿಗೆ ಏಕೆ ಹೋಗಬೇಕಾಯಿತು ಎಂಬುದನ್ನು ಹೇಳಿದರೆ ಸಾವಿಗೆ ತಕ್ಕ ಗೌರವವೂ ಸಲ್ಲುತ್ತದೆ, ಕಂತಿನ ಪ್ರಶ್ನೆಯೂ ಹುಟ್ಟುತ್ತದೆ.

ಆನೆಯ ಘೀಳಿಡುವ ಸದ್ದಿನಿಂದ ಕಂತು ಆರಂಭಿಸುವ ಚಟದ ಬಗ್ಗೆಯೂ ಹೇಳಬೇಕು. ನಗರದಲ್ಲಿ ಕುಳಿತು ಕೇಳುವವರಿಗೆ ಅದು ರೋಮಾಂಚನ. ರಾತ್ರಿ ಎಂಟು ಗಂಟೆಗೆ ಲೈನ್ ಮನೆಯ ಬಾಗಿಲ ಬಳಿ ಕುಳಿತವರ ಕಿವಿಗೆ ಅದು ಬಿದ್ದರೆ ಒಳಗೆ ಓಡುವ ಸದ್ದು. ಪಟಾಕಿಯ ಸದ್ದಿಗೂ ಇದೇ ಮಾತು ಸಲ್ಲುತ್ತದೆ, ಏಕೆಂದರೆ ಇಲ್ಲಿ ಪಟಾಕಿ ಸಿಡಿದರೆ ಜನರಿಗೆ ಹಬ್ಬದ ನೆನಪು ಬರುವುದಿಲ್ಲ. ಶಿರಾಡಿಯ ತಿರುವುಗಳಲ್ಲಿ ವಾಹನ ಚಲಾಯಿಸುತ್ತ ಕೇಳುವವರಿಗೆ ಹಾರನ್ನು, ಆಂಬುಲೆನ್ಸ್ ಸೈರನ್ನು ಕೇಳಿಸುವುದು ಅಪಾಯಕರವೇ ಸರಿ.

ಅತಿಥಿ ಮತ್ತು ಪ್ರಾಯೋಜಕರು

ಅತಿಥಿಯ ಪರಿಚಯದಲ್ಲಿ ಬಿರುದು, ಪ್ರಶಸ್ತಿ, ಹುದ್ದೆಗಳ ಪಟ್ಟಿ ಓದುವುದು ನಮ್ಮ ಸಭೆಗಳ ಸಂಪ್ರದಾಯ. ಕಂತಿನ ವಿಷಯಕ್ಕೆ ಸಂಬಂಧಿಸಿದ ಅರ್ಹತೆಯೊಂದೇ ಪೀಠಿಕೆಗೆ ಸಾಕು. ರೋಬಸ್ಟಾ ಕಸಿಯ ಬಗ್ಗೆ ಮಾತನಾಡಲು ಬಂದವರು ಎಷ್ಟು ವರ್ಷದಿಂದ, ಎಷ್ಟು ಎಕರೆಯಲ್ಲಿ ಬೆಳೆಯುತ್ತಿದ್ದಾರೆ ಎಂಬುದು ಕೇಳುಗರಿಗೆ ಬೇಕು. ಅವರು ಯಾವ ಸಂಘದ ಮಾಜಿ ಉಪಾಧ್ಯಕ್ಷರು ಎಂಬುದು ಬೇಡ. ಅತಿಥಿ ಮುಂದೆ ಆಡಲಿರುವ ಮಾತುಗಳಲ್ಲಿ ಎಲ್ಲಕ್ಕಿಂತ ಗಟ್ಟಿಯಾದ ಒಂದು ವಾಕ್ಯವನ್ನು ಆಯ್ದು ಕಂತಿನ ಆರಂಭಕ್ಕೇ ಇಡುವ ಪದ್ಧತಿಯೂ ಬಳಕೆಯಲ್ಲಿದೆ. ಹತ್ತು ಸೆಕೆಂಡು ಮೀರದಿದ್ದರೆ ಅದು ಪರಿಣಾಮಕಾರಿ. ಆದರೆ ಆ ವಾಕ್ಯ ತನ್ನ ಸಂದರ್ಭದಲ್ಲಿ ಕೊಡುವ ಅರ್ಥವನ್ನೇ ಬಿಡಿಯಾಗಿಯೂ ಕೊಡಬೇಕು. ‘ಆನೆಗಳನ್ನು ಹೊಡೆದು ಹಾಕಿ ಅನ್ನಿಸುತ್ತದೆ’ ಎಂದ ಬೆಳೆಗಾರರು ಮುಂದಿನ ಉಸಿರಿನಲ್ಲಿ ‘ಆದರೆ ಅವೂ ಎಲ್ಲಿಗೆ ಹೋಗಬೇಕು’ ಎಂದಿದ್ದರೆ, ಮೊದಲ ಅರ್ಧವನ್ನಷ್ಟೇ ಕತ್ತರಿಸಿ ಇಡುವುದು ಅನ್ಯಾಯ.

ಗೊಬ್ಬರ, ಕೀಟನಾಶಕ, ತೋಟದ ಯಂತ್ರ ಮಾರುವವರು ಇಂಥ ಕಾರ್ಯಕ್ರಮಗಳಿಗೆ ಹಣ ನೀಡಲು ಮುಂದೆ ಬರುವುದು ಸ್ವಾಭಾವಿಕ. ಹಣ ಪಡೆದಿದ್ದರೆ ಅದನ್ನು ಹೇಳುವ ಜಾಗವೂ ಪೀಠಿಕೆಯೇ. ಭಾರತೀಯ ಜಾಹೀರಾತು ಮಾನಕ ಮಂಡಳಿಯು 2021ರಲ್ಲಿ ಜಾರಿಗೊಳಿಸಿದ ಮಾರ್ಗಸೂಚಿಯ ಪ್ರಕಾರ, ಡಿಜಿಟಲ್ ಮಾಧ್ಯಮದಲ್ಲಿ ಪ್ರಭಾವಿಗಳು ಮಾಡುವ ಧ್ವನಿ ಜಾಹೀರಾತಿನಲ್ಲಿ ಈ ವಿಷಯವನ್ನು ಆರಂಭದಲ್ಲೂ ಕೊನೆಯಲ್ಲೂ ಸ್ಪಷ್ಟವಾಗಿ ಉಚ್ಚರಿಸಬೇಕು. ವಿವರಣೆಯ ತಳದಲ್ಲಿ ಸಣ್ಣ ಅಕ್ಷರದಲ್ಲಿ ಬರೆದರೆ ಸಾಲದು. ಕಾಳುಮೆಣಸಿಗೆ ಯಾವ ಔಷಧಿ ಸಿಂಪಡಿಸಬೇಕೆಂದು ಹೇಳುವ ಕಂತಿಗೆ ಆ ಔಷಧಿಯ ಕಂಪನಿಯೇ ಹಣ ಕೊಟ್ಟಿದೆ ಎಂಬುದು ಕೇಳುಗರಿಗೆ ಮೊದಲೇ ತಿಳಿದಿರಬೇಕಲ್ಲವೇ?

ಬರೆಯುವ ಕ್ರಮ

ಪೀಠಿಕೆ ಕಂತಿನಲ್ಲಿ ಮೊದಲು ಬಂದರೂ ಬರೆಯಬೇಕಾದದ್ದು ಕೊನೆಯಲ್ಲಿ. ಸಂಭಾಷಣೆ ಮುದ್ರಿಸಿ, ಕತ್ತರಿಸಿ, ಒಮ್ಮೆ ಪೂರ್ತಿ ಕೇಳಿದ ನಂತರವೇ ಕಂತಿನಲ್ಲಿ ನಿಜವಾಗಿ ಏನಿದೆ ಎಂಬುದು ತಿಳಿಯುತ್ತದೆ. ಮೊದಲೇ ಬರೆದಿಟ್ಟ ಪೀಠಿಕೆ, ನಡೆಯಬೇಕಿದ್ದ ಸಂಭಾಷಣೆಗೆ ಹೊಂದುತ್ತದೆಯೇ ಹೊರತು ನಡೆದದ್ದಕ್ಕಲ್ಲ.

ಬರೆದದ್ದನ್ನು ಗಟ್ಟಿಯಾಗಿ ಓದಬೇಕು. ಪತ್ರಿಕೆಯ ಗದ್ಯದಲ್ಲಿ ಕ್ರಿಯಾಪದ ವಾಕ್ಯದ ತುದಿಯಲ್ಲಿ ಕುಳಿತಿರುತ್ತದೆ. ನಡುವೆ ಮೂರು ವಿಶೇಷಣ, ಎರಡು ಉಪವಾಕ್ಯ ಬಂದರೂ ಕಣ್ಣು ಹಿಂದಿರುಗಿ ನೋಡಿ ಸರಿಪಡಿಸಿಕೊಳ್ಳುತ್ತದೆ. ಕಿವಿಗೆ ಹಿಂದಿರುಗುವ ಸೌಲಭ್ಯವಿಲ್ಲ. ಒಂದೇ ಉಸಿರಿನಲ್ಲಿ ಮುಗಿಯದ ವಾಕ್ಯವನ್ನು ಎರಡಾಗಿಸುವುದು ಉತ್ತಮ. ‘ಆಗಿರುವಂಥದ್ದು’, ‘ಮಾಡುವಂತಹ ಕೆಲಸವನ್ನು ಮಾಡಿದ್ದಾರೆ’ ಎಂಬ ವೇದಿಕೆಯ ಭಾಷೆ ಪೀಠಿಕೆಗೆ ನುಸುಳದಂತೆ ನೋಡಿಕೊಳ್ಳಬೇಕು. ಸಂಖ್ಯೆಗಳು ಎರಡಕ್ಕಿಂತ ಹೆಚ್ಚಾದರೆ ಯಾವುದೂ ನೆನಪಿನಲ್ಲಿ ನಿಲ್ಲುವುದಿಲ್ಲ. ಮೇಲಿನ ಮಾದರಿಯಲ್ಲಿಯೇ ಸಂಖ್ಯೆ ತುಸು ಹೆಚ್ಚಾಯಿತೆಂದು ಆಕ್ಷೇಪಿಸುವವರಿದ್ದರೆ ಅವರ ಮಾತಿನಲ್ಲಿ ಹುರುಳಿದೆ. ‘ಎಂಟು ಬಾರಿ’ ಎಂಬುದನ್ನು ಕಂತಿನ ಒಳಗೆ ಸಾಗಿಸಬಹುದು.

ಬರಹವನ್ನು ವಿಷಯ ತಿಳಿಯದವರೊಬ್ಬರಿಗೆ ಓದಿ ಹೇಳಿ, ಅವರು ಅಡುಗೆಯನ್ನೋ ಬೇರೆ ಕೆಲಸವನ್ನೋ ಮಾಡುತ್ತಿರುವಾಗಲೇ ಕೇಳಿಸುವುದು ಒಳ್ಳೆಯದು. ಕಂತು ಯಾವುದರ ಬಗ್ಗೆ ಎಂದು ಕೇಳಿದಾಗ ಅವರು ಒಂದು ವಾಕ್ಯದಲ್ಲಿ ಹೇಳಿದರೆ ಪೀಠಿಕೆ ಸಿದ್ಧ. ‘ಏನೋ ಆನೆಯದು’ ಎಂದರೆ ಮತ್ತೆ ಬರೆಯಬೇಕು.

ಧ್ವನಿಮುದ್ರಣದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಮಳೆಗಾಲದಲ್ಲಿ ಶೀಟಿನ ಮನೆಯೊಳಗೆ ಮುದ್ರಿಸುವುದು ವ್ಯರ್ಥ ಪ್ರಯತ್ನ. ಹಾಸಿಗೆ, ಬಟ್ಟೆಗಳಿರುವ ಕೋಣೆ ಮಾರ್ದನಿಯನ್ನು ತಗ್ಗಿಸುತ್ತದೆ. ಕಾರ್ಯಕ್ರಮದ ಗುರುತಿನ ಸಂಗೀತ ಐದಾರು ಸೆಕೆಂಡು ಮೀರದಿರಲಿ, ಅದು ಮಾತಿನ ಕೆಳಗೆ ಹರಿಯುವುದಾದರೆ ಮಾತು ಆರಂಭವಾದ ಕೂಡಲೇ ಗಣನೀಯವಾಗಿ ತಗ್ಗಲಿ.

ಪೀಠಿಕೆಯನ್ನು ಪ್ರತ್ಯೇಕ ಕಡತವಾಗಿ ಉಳಿಸಿಕೊಳ್ಳುವುದರಿಂದ ಒಂದು ಮುಖ್ಯ ಪ್ರಯೋಜನವಿದೆ. ಪಾಡ್‌ಕಾಸ್ಟ್ ಪ್ರಕಟಿಸುವ ಬಹುತೇಕ ಸೇವೆಗಳಲ್ಲಿ, ಕಂತನ್ನು ಅಳಿಸದೆ ಅದರ ಧ್ವನಿ ಕಡತವನ್ನಷ್ಟೇ ಬದಲಿಸಲು ಅವಕಾಶವಿದೆ. 2024ರ ಜುಲೈನ ರೈಲು ಸ್ಥಗಿತದ ಕಂತನ್ನೇ ತೆಗೆದುಕೊಂಡರೆ, ಆಗಸ್ಟ್‌ನಲ್ಲಿ ಸಂಚಾರ ಪುನರಾರಂಭವಾದಾಗ ಸಂಭಾಷಣೆಯನ್ನು ಮುಟ್ಟುವ ಅಗತ್ಯವಿರಲಿಲ್ಲ. ‘ಈ ಕಂತು ಜುಲೈ 30ರಂದು ಮುದ್ರಿತವಾದುದು. 2024ರ ಆಗಸ್ಟ್‌ನಲ್ಲಿ ಈ ಮಾರ್ಗದ ರೈಲು ಸಂಚಾರ ಪುನರಾರಂಭವಾಗಿದೆ’ ಎಂಬ ಎರಡು ವಾಕ್ಯಗಳನ್ನು ಹೊಸದಾಗಿ ಮುದ್ರಿಸಿ ತಲೆಗೆ ಜೋಡಿಸಿದರೆ ಸಾಕಿತ್ತು. ಅಷ್ಟರಲ್ಲಿ ಹಳೆಯದನ್ನು ಇಳಿಸಿಕೊಂಡವರ ಮೊಬೈಲಿನಲ್ಲಿ ಮಾತ್ರ ಹಳೆಯ ಕಡತವೇ ಇರುತ್ತದೆ. ಅವರಿಗೆ ಉಳಿಯುವ ಆಸರೆ ಮೊದಲ ಪೀಠಿಕೆಯಲ್ಲಿ ಉಚ್ಚರಿಸಿದ ದಿನಾಂಕ ಒಂದೇ.